ನಮಾಝಿನ ಹೊರತಾಗಿ ಮಸೀದಿಯಲ್ಲಿ ಏನೇನು ನಡೆಸಬಹುದು?

ಪ್ರಶ್ನೆ: ಅಸ್ಸಲಾಮು ಅಲೈಕುಮ್. ನಾವು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ, ಭೀಮಾ ದಂಡೆಯ ಊರಿನವರು. ನಮ್ಮೂರ ಮಸೀದಿಯಲ್ಲಿ ಸಂಜೆ ಹೊತ್ತು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡಲು ನಿವೃತ್ತ ಶಿಕ್ಷಕರೊಬ್ಬರು ಮುಂದೆ ಬಂದಿದ್ದಾರೆ. ಅಕ್ಕಪಕ್ಕದ ಹಿಂದೂ ಮನೆಗಳ ಮಕ್ಕಳೂ ಬರುತ್ತೇವೆ ಎನ್ನುತ್ತಿದ್ದಾರೆ. ಇದರ ಜೊತೆಗೆ ಆರೋಗ್ಯ ತಪಾಸಣೆ ಮತ್ತು ರಕ್ತದಾನ ಶಿಬಿರ ನಡೆಸುವ, ಬೇಸಿಗೆಯ ಮಧ್ಯಾಹ್ನ ಕೂಲಿಕಾರರಿಗೆ ವಿಶ್ರಾಂತಿಗೆ ಬಾಗಿಲು ತೆರೆದಿಡುವ ಯೋಚನೆಯೂ ಇದೆ. ಜಮಾಅತಿನ (ಮಸೀದಿಗೆ ಸೇರಿದ ಸಮುದಾಯದ) ಕೆಲವು ಹಿರಿಯರು ‘ಮಸೀದಿ ಇರುವುದು ಅಲ್ಲಾಹನ ಇಬಾದತ್ತಿಗೆ (ಆರಾಧನೆಗೆ) ಮಾತ್ರ, ದುನಿಯಾದ (ಲೌಕಿಕ) ಕೆಲಸ ಇಲ್ಲಿ ಬೇಡ’ ಎನ್ನುತ್ತಾರೆ. ಆದರೆ ಕಳೆದುಹೋದ ಆಡು, ಮೊಬೈಲುಗಳ ಬಗ್ಗೆ ಮಸೀದಿಯ ಮೈಕಿನಲ್ಲಿ ಕೂಗುವುದು, ಸುಗ್ಗಿಯಲ್ಲಿ ತೊಗರಿ ಚೀಲಗಳನ್ನು ಒಳಗೆ ಒಟ್ಟುವುದು ಮೊದಲಿಂದಲೂ ನಡೆದುಬಂದಿದೆ. ಹೌಜಿನ (ಕೈಕಾಲು ತೊಳೆಯುವ ನೀರಿನ ತೊಟ್ಟಿಯ) ಪಕ್ಕದಲ್ಲಿ ಒಂದು ಪಡಸಾಲೆ ಖಾಲಿ ಇದೆ. ಯಾವುದು ಸರಿ, ಯಾವುದು ತಪ್ಪು?

ಉತ್ತರ: ವಅಲೈಕುಮುಸ್ಸಲಾಮ್. ನಿಮ್ಮ ಹಿರಿಯರ ಮಾತಿಗೆ ಕುರ್‌ಆನಿನ ಆಧಾರವಿದೆ, ಅದನ್ನು ತಳ್ಳಿಹಾಕಬೇಡಿ. ಮಸೀದಿಗಳು ಅಲ್ಲಾಹನಿಗೆ ಸೇರಿದವು, ಅವನ ಜೊತೆ ಬೇರಾರನ್ನೂ ಕರೆದು ಪ್ರಾರ್ಥಿಸಬೇಡಿ ಎಂದು ಸೂರಾ ಅಲ್ ಜಿನ್ನ್‌ನ 18ನೇ ವಚನ ಹೇಳುತ್ತದೆ. ಮಸೀದಿಯಲ್ಲಿ ಮೂತ್ರ ಮಾಡಿದ ಹಳ್ಳಿಗನೊಬ್ಬನ ಮೇಲೆ ಜನ ಮುಗಿಬೀಳಲು ಹೋದಾಗ ಪ್ರವಾದಿ ಮುಹಮ್ಮದ್(ಸ) ಅವರನ್ನು ತಡೆದು, ಅವನನ್ನು ಹತ್ತಿರ ಕರೆದು, ಈ ಮಸೀದಿಗಳು ಇಂಥ ಹೊಲಸಿಗೆ ತಕ್ಕವಲ್ಲ, ಇವು ಅಲ್ಲಾಹನ ಸ್ಮರಣೆ, ನಮಾಝ್ ಮತ್ತು ಕುರ್‌ಆನ್ ಪಠಣಕ್ಕಾಗಿ ಇರುವವು ಎಂದು ಮೆತ್ತಗೆ ತಿಳಿಸಿದ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಸಹೀಹ್ ಮುಸ್ಲಿಮ್‌ನಲ್ಲಿದೆ. ಆದ್ದರಿಂದ ಮಸೀದಿಯ ಮೊದಲ ಕೆಲಸ ಇಬಾದತ್ ಎಂಬುದರಲ್ಲಿ ಎರಡು ಮಾತಿಲ್ಲ. ‘ಇಬಾದತ್ತಿಗೆ ಮಾತ್ರ’ ಎಂಬುದರ ಅರ್ಥವನ್ನು ‘ಐದು ಹೊತ್ತಿನ ನಮಾಝಿಗೆ ಮಾತ್ರ, ಉಳಿದ ಹೊತ್ತು ಬೀಗ’ ಎಂದು ಇಳಿಸಿದರೆ ಮಾತ್ರ ಅದು ತಪ್ಪಾಗುತ್ತದೆ. ಏಕೆಂದರೆ ಮಸೀದಿ ಎಂದರೇನೆಂದು ನಮಗೆ ತೋರಿಸಿಕೊಟ್ಟವರು ಸ್ವತಃ ಪ್ರವಾದಿಯವರು, ಮತ್ತು ಅವರ ಮಸೀದಿಯಲ್ಲಿ ನಮಾಝಿನ ಜೊತೆಗೆ ಬೇರೆ ಎಷ್ಟೋ ಕೆಲಸಗಳು ನಡೆಯುತ್ತಿದ್ದವು.

ಕ್ರಿ.ಶ. 622ರಲ್ಲಿ, ಹಿಜ್ರತ್ತಿನ (ಮಕ್ಕಾದಿಂದ ಮದೀನಾಕ್ಕೆ ವಲಸೆಯ) ಮೊದಲ ವರ್ಷವೇ, ಮದೀನಾದಲ್ಲಿ ಹಸಿ ಇಟ್ಟಿಗೆ, ಖರ್ಜೂರದ ಮರದ ಕಂಬ, ಗರಿಯ ಚಾವಣಿಗಳಿಂದ ಎದ್ದ ಆ ಮಸೀದಿಯ ಒಂದು ತುದಿಯಲ್ಲಿ ಸುಫ್ಫಾ ಎಂಬ ನೆರಳಿನ ಜಾಗವಿತ್ತು. ಮನೆಮಾರಿಲ್ಲದ ಬಡ ಸಹಾಬಿಗಳು (ಪ್ರವಾದಿಯವರ ಸಂಗಡಿಗರು) ಅಲ್ಲೇ ಇರುತ್ತಿದ್ದರು, ಅಲ್ಲೇ ಕಲಿಯುತ್ತಿದ್ದರು, ಬಂದ ಸದಕಾವನ್ನು (ದಾನವನ್ನು) ಅಲ್ಲೇ ಉಣ್ಣುತ್ತಿದ್ದರು. ಹೆಚ್ಚು ಹದೀಸ್‌ಗಳನ್ನು ನಮಗೆ ತಲುಪಿಸಿದ ಅಬೂ ಹುರೈರಾ(ರ) ಅವರಲ್ಲೊಬ್ಬರು. ಖಂದಕ್ ಯುದ್ಧದಲ್ಲಿ ತೋಳಿನ ನರಕ್ಕೆ ಬಾಣ ತಗುಲಿದ ಸಅದ್ ಬಿನ್ ಮುಆಝ್(ರ) ಅವರನ್ನು ಹತ್ತಿರದಿಂದ ನೋಡಿಕೊಳ್ಳಬೇಕೆಂದು ಪ್ರವಾದಿಯವರು ಮಸೀದಿಯೊಳಗೇ ಗುಡಾರ ಹಾಕಿಸಿದರು. ಬಹ್ರೈನ್‌ನಿಂದ ದೊಡ್ಡ ಮೊತ್ತದ ಹಣ ಬಂದಾಗ ಅದನ್ನು ಮಸೀದಿಯಲ್ಲೇ ಸುರಿಯಿಸಿ, ಮೊದಲು ನಮಾಝ್ ಮುಗಿಸಿ, ಆಮೇಲೆ ಕುಳಿತು ಕಂಡವರಿಗೆಲ್ಲ ಹಂಚಿ, ಒಂದು ದಿರ್ಹಮ್ ಕೂಡ ಉಳಿಯದ ಹೊತ್ತಿಗೆ ಎದ್ದರು. ತಾಯಿಫ್‌ನಿಂದ ಬಂದ ಸಕೀಫ್ ಕುಲದ ನಿಯೋಗ ಆಗಿನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ, ಆದರೂ ಅವರನ್ನು ಮಸೀದಿಯಲ್ಲೇ ಇಳಿಸಿದರು. ಈದ್ ದಿನ ಹಬಶೀ ಜನ ಈಟಿಗಳನ್ನು ಹಿಡಿದು ಮಸೀದಿಯಲ್ಲೇ ವರಸೆ ತೋರಿಸಿದರು. ಅದನ್ನು ಪ್ರವಾದಿಯವರ ಪತ್ನಿ ಆಯಿಷಾ(ರ) ಅವರ ಮರೆಯಲ್ಲಿ ನಿಂತು ಮನದಣಿಯೆ ನೋಡಿದ್ದನ್ನು ಅವರೇ ಹೇಳಿದ್ದಾರೆ.

ಇವುಗಳ ನಡುವೆ ಒಂದು ಘಟನೆಯನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಗೆ ಅದು ಬಹಳ ಹತ್ತಿರದ್ದು. ಕಅಬ್ ಬಿನ್ ಮಾಲಿಕ್(ರ) ಅವರಿಗೆ ಇಬ್ನ್ ಅಬೀ ಹದ್ರದ್(ರ) ಸಾಲ ಕೊಡಬೇಕಿತ್ತು. ಮಸೀದಿಯಲ್ಲಿ ಇಬ್ಬರೂ ಎದುರಾದಾಗ ಕಅಬ್ ಹಣ ಕೇಳಿದರು, ಮಾತಿಗೆ ಮಾತು ಬೆಳೆದು ದನಿಯೇರಿ ಪಕ್ಕದ ಕೋಣೆಯಲ್ಲಿದ್ದ ಪ್ರವಾದಿಯವರಿಗೂ ಕೇಳಿಸಿತು. ಅವರು ಬಾಗಿಲ ಪರದೆ ಸರಿಸಿ ಹೊರಬಂದು ‘ಕಅಬ್’ ಎಂದು ಕರೆದು, ಅರ್ಧ ಸಾಲ ಬಿಟ್ಟುಬಿಡು ಎಂದು ಕೈಸನ್ನೆ ಮಾಡಿದರು. ಬಿಟ್ಟೆ ಎಂದರು ಕಅಬ್. ಪ್ರವಾದಿಯವರು ಸಾಲಗಾರನ ಕಡೆ ತಿರುಗಿ, ಏಳು, ಉಳಿದದ್ದನ್ನು ತೀರಿಸು ಎಂದರು. ಸಹೀಹ್ ಬುಖಾರಿಯಲ್ಲಿರುವ ಈ ವರದಿಯಲ್ಲಿ ಲೇವಾದೇವಿಯಂಥ ಶುದ್ಧ ವ್ಯವಹಾರದ ತಕರಾರೊಂದು ಮಸೀದಿಯೊಳಗೇ ಎದ್ದು ಮಸೀದಿಯೊಳಗೇ ಬಗೆಹರಿಯಿತು. ದುನಿಯಾದ ಮಾತು ಇಲ್ಲೇಕೆ ಎಂದು ಅವರಿಬ್ಬರನ್ನು ಹೊರಗೆ ಕಳಿಸಲಿಲ್ಲ.

ಇದೇ ಪ್ರವಾದಿಯವರೇ ಕೆಲವು ಕೆಲಸಗಳನ್ನು ಕಟ್ಟುನಿಟ್ಟಾಗಿ ತಡೆದಿದ್ದಾರೆ. ಮಸೀದಿಯಲ್ಲಿ ಯಾರಾದರೂ ಕೊಡುಕೊಳ್ಳುವ ವ್ಯಾಪಾರ ಮಾಡುವುದನ್ನು ಕಂಡರೆ ‘ಅಲ್ಲಾಹನು ನಿನ್ನ ವ್ಯಾಪಾರದಲ್ಲಿ ಲಾಭ ಕೊಡದಿರಲಿ’ ಎನ್ನಿ ಎಂದಿದ್ದಾರೆ. ಕಳೆದುಹೋದ ವಸ್ತುವಿಗಾಗಿ ಮಸೀದಿಯಲ್ಲಿ ಕೂಗುವವನಿಗೆ ‘ಅದು ನಿನಗೆ ಮರಳಿ ಸಿಗದಿರಲಿ, ಮಸೀದಿ ಕಟ್ಟಿದ್ದು ಇದಕ್ಕಲ್ಲ’ ಎನ್ನಿ ಎಂದಿದ್ದಾರೆ. ಬೆಳ್ಳುಳ್ಳಿ, ಈರುಳ್ಳಿ ತಿಂದು ವಾಸನೆ ಹೊತ್ತು ಬರಬೇಡಿ ಎಂದಿದ್ದಾರೆ. ತಾವು ಇಅ್‌ತಿಕಾಫ್‌ನಲ್ಲಿದ್ದಾಗ (ಆರಾಧನೆಗಾಗಿ ಮಸೀದಿಯಲ್ಲೇ ತಂಗಿದ್ದಾಗ) ಜನ ಜೋರಾಗಿ ಕುರ್‌ಆನ್ ಓದುವುದನ್ನು ಕೇಳಿ, ನೀವೆಲ್ಲರೂ ನಿಮ್ಮ ಪ್ರಭುವಿನೊಡನೆ ಮಾತಾಡುತ್ತಿದ್ದೀರಿ, ಒಬ್ಬರು ಇನ್ನೊಬ್ಬರಿಗೆ ತೊಂದರೆ ಕೊಡಬೇಡಿ ಎಂದು ಆ ಓದಿನ ದನಿಯನ್ನೂ ತಗ್ಗಿಸಿದ್ದಾರೆ.

ಎರಡು ಪಟ್ಟಿಗಳನ್ನೂ ಜೊತೆಗಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ, ಮತ್ತು ನನ್ನ ಇಡೀ ಉತ್ತರ ನಿಂತಿರುವುದು ಇದರ ಮೇಲೆಯೇ. ಅನುಮತಿ ಸಿಕ್ಕ ಕೆಲಸಗಳೆಲ್ಲ ಎಲ್ಲರ ಒಳಿತಿನವು ಅಥವಾ ದಿಕ್ಕಿಲ್ಲದವರ ನೆರವಿನವು. ತಡೆದ ಕೆಲಸಗಳಲ್ಲಿ ಒಬ್ಬ ವ್ಯಕ್ತಿ ತನ್ನ ಸ್ವಂತದ ಲಾಭ, ಸ್ವಂತದ ಸ್ವತ್ತು, ಸ್ವಂತದ ಗದ್ದಲವನ್ನು ಅಲ್ಲಾಹನ ಮನೆಯೊಳಗೆ ತಂದು ಬೇರೆಯವರ ಇಬಾದತ್ತಿಗೆ ಅಡ್ಡಿಯಾಗುತ್ತಾನೆ. ಗೆರೆ ಎಳೆದಿರುವುದು ದೀನ್ (ಧರ್ಮ) ಮತ್ತು ದುನಿಯಾಗಳ ನಡುವೆ ಎಂದು ನಿಮ್ಮ ಹಿರಿಯರು ತಿಳಿದಿದ್ದಾರೆ. ಹದೀಸ್‌ಗಳು ಆ ಗೆರೆಯನ್ನು ಸಾರ್ವಜನಿಕ ಹಿತ ಮತ್ತು ಖಾಸಗಿ ಹಿತಗಳ ನಡುವೆ ಎಳೆಯುತ್ತವೆ. ಆ ಲೆಕ್ಕದಲ್ಲಿ ಬಡ ಮಕ್ಕಳ ಪಾಠಕ್ಕೆ ಆಕ್ಷೇಪ ಎತ್ತಿ ತೊಗರಿ ಚೀಲಗಳ ಬಗ್ಗೆ ಸುಮ್ಮನಿರುವುದು ತಲೆಕೆಳಗಾದ ಎಚ್ಚರ. ಇದನ್ನು ಹಿರಿಯರ ಮೇಲಿನ ಗೌರವದಿಂದಲೇ ಹೇಳುತ್ತಿದ್ದೇನೆ.

ಇನ್ನು ವಿವರಗಳಿಗೆ ಹೋಗುವ ಮುನ್ನ ಜಾಗದ ಬಗ್ಗೆ ಒಂದು ಮಾತು. ನಾವು ರೂಢಿಯಲ್ಲಿ ಕಂಪೌಂಡಿನ ಒಳಗಿನದನ್ನೆಲ್ಲ ಮಸೀದಿ ಎನ್ನುತ್ತೇವೆ. ಫಿಕ್ಹ್‌ನ (ಇಸ್ಲಾಮೀ ಧರ್ಮಶಾಸ್ತ್ರದ) ಪ್ರಕಾರ ನಮಾಝಿಗೆಂದು ವಕ್ಫ್ ಮಾಡಿದ (ಶಾಶ್ವತವಾಗಿ ದಾನವಿತ್ತ) ಜಾಗ ಮಾತ್ರ ಶರಈ ಮಸೀದಿ, ಅಂದರೆ ಶರೀಅತ್ತಿನ ನಿಯಮದ ಮಸೀದಿ. ಅದರ ಸುತ್ತಲಿನ ವುಝೂಖಾನೆ (ನಮಾಝಿಗೆ ಮುಂಚೆ ಕೈಕಾಲು ತೊಳೆಯುವ ಜಾಗ), ಇಮಾಮರ ಕೋಣೆ, ಚಪ್ಪಲಿ ಬಿಡುವ ಜಾಗ, ಅಂಗಡಿ, ಮಕ್ತಬ್‌ನ ಕೋಣೆಗಳು ಫಿನಾ, ಅಂದರೆ ಮಸೀದಿಗೆ ಸೇರಿದ ಆದರೆ ಮಸೀದಿಯಲ್ಲದ ಆವರಣ. ಶುದ್ಧಿಯ ನಿಯಮ, ವ್ಯಾಪಾರದ ನಿಷೇಧ, ಮಲಗುವ ನಿಯಮ ಇವೆಲ್ಲ ಮೊದಲನೆಯದಕ್ಕೆ ಪೂರ್ತಿ ಅನ್ವಯಿಸುತ್ತವೆ, ಎರಡನೆಯದಕ್ಕೆ ಸಡಿಲವಾಗಿ. ಒಮ್ಮೆ ಶರಈ ಮಸೀದಿಯಾದ ಜಾಗ ನೆಲದಿಂದ ಆಕಾಶದವರೆಗೂ ಮಸೀದಿಯೇ ಆಗಿರುತ್ತದೆ ಎಂಬುದು ಹನಫೀ ಮದ್‌ಹಬಿನ (ಧರ್ಮಶಾಸ್ತ್ರದ ಪಂಥದ) ವಿದ್ವಾಂಸರ ನಿಲುವು. ಆಮೇಲೆ ಅದರ ಒಂದು ಮೂಲೆಯನ್ನು ಕತ್ತರಿಸಿ ಅಂಗಡಿ ಅಥವಾ ಆಫೀಸು ಮಾಡಲು ಬರುವುದಿಲ್ಲ.

ಈ ವ್ಯವಸ್ಥೆ ಬಹಳ ಹಿಂದಿನದು. ಉಮರ್(ರ) ತಮ್ಮ ಖಿಲಾಫತ್ತಿನ ಕಾಲದಲ್ಲಿ ಮದೀನಾದ ಮಸೀದಿಯ ಪಕ್ಕದಲ್ಲಿ ಬುತೈಹಾ ಎಂಬ ಬಯಲನ್ನು ಮಾಡಿಸಿ, ಹರಟೆ ಹೊಡೆಯಬೇಕೆನ್ನುವವರು, ಕವಿತೆ ಓದಬೇಕೆನ್ನುವವರು, ದನಿಯೆತ್ತಬೇಕೆನ್ನುವವರು ಅಲ್ಲಿಗೆ ಹೋಗಲಿ ಎಂದರೆಂದು ಇಮಾಮ್ ಮಾಲಿಕರ ಮುವತ್ತಾದಲ್ಲಿ ಬಂದಿದೆ. ಜನರನ್ನು ಮಸೀದಿಯಿಂದ ದೂರ ಅಟ್ಟಲಿಲ್ಲ, ಅದರ ಮಗ್ಗುಲಲ್ಲೇ ಜಾಗ ಕೊಟ್ಟರು. ನಮ್ಮ ನಾಡಿನಲ್ಲೂ ಕಟ್ಟಿದವರಿಗೆ ಈ ತಿಳಿವಳಿಕೆ ಇತ್ತು. ಬೀದರಿನಲ್ಲಿ 1472ರಲ್ಲಿ ಮುಗಿದ ಮಹಮೂದ್ ಗವಾನ್ ಮದರಸಾಕ್ಕೆ ಹೋದವರು ಗಮನಿಸಿರಬಹುದು: ಮೂರಂತಸ್ತಿನ ಆ ಕಟ್ಟಡದಲ್ಲಿ ಪಾಠದ ಕೋಣೆಗಳು, ಗ್ರಂಥಾಲಯ, ವಿದ್ಯಾರ್ಥಿಗಳು ತಂಗುವ ಕೋಣೆಗಳು ಬೇರೆ, ಮಸೀದಿಯ ಭಾಗ ಬೇರೆ, ಆದರೆ ಎಲ್ಲವೂ ಒಂದೇ ಚೌಕದ ಸುತ್ತ. ಕಲಬುರಗಿ ಕೋಟೆಯ 1367ರ ಜಾಮಿಯಾ ಮಸೀದಿಯದು ಇದಕ್ಕೆ ತೀರ ಬೇರೆ ರೀತಿ. ಅಲ್ಲಿ ತೆರೆದ ಅಂಗಳವೇ ಇಲ್ಲ, ಕಮಾನುಗಳ ಸಾಲಿನ ಮೇಲೆ ಪೂರ್ತಿ ಚಾವಣಿ. ಹೌಜು, ಅಂಗಳ, ಪಡಸಾಲೆ ಇರುವ ನಿಮ್ಮಂಥ ಊರ ಮಸೀದಿಗಳಿಗೆ ಇರುವ ಅನುಕೂಲ ಅಷ್ಟು ದೊಡ್ಡ ಮಸೀದಿಗೂ ಇಲ್ಲ.

ಈಗ ಪಾಠದ ವಿಷಯ. ಇದರಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ: ದೀನಿನದಲ್ಲದ ವಿದ್ಯೆಯನ್ನು ಮಸೀದಿಯಲ್ಲಿ ಹೇಳಿಕೊಡಬಹುದೇ, ಮತ್ತು ಸಂಬಳ ಪಡೆದು ಹೇಳಿಕೊಡಬಹುದೇ. ಗಣಿತ, ವಿಜ್ಞಾನಗಳು ಮುಬಾಹ್ (ಅನುಮತ) ಆದ, ಜನರಿಗೆ ಉಪಯುಕ್ತವಾದ ವಿದ್ಯೆಗಳು. ಇನ್ಶಾ ಅಲ್ಲಾಹ್ ಮಕ್ಕಳ ಬದುಕನ್ನು ದಡ ಸೇರಿಸುವ ಉದ್ದೇಶದಿಂದ, ನಮಾಝಿಗಳಿಗೆ ಅಡ್ಡಿಯಾಗದಂತೆ, ಮಸೀದಿಯ ಅದಬ್ (ಶಿಷ್ಟಾಚಾರ) ಕಾಪಾಡಿ ಅವನ್ನು ಹೇಳಿಕೊಡುವುದಕ್ಕೆ ತಡೆಯಿಲ್ಲ. ಸಂಬಳದ ವಿಷಯದಲ್ಲಿ ಹನಫೀ ಗ್ರಂಥಗಳು ಹಿಂಜರಿಯುತ್ತವೆ. ದರ್ಜಿಯೋ ನಕಲುಗಾರನೋ ಮಸೀದಿಯಲ್ಲಿ ಕುಳಿತು ಕೂಲಿ ಕೆಲಸ ಮಾಡುವುದು ಹೇಗೆ ಮಕ್ರೂಹೋ (ಅನಪೇಕ್ಷಿತವೋ) ಹಾಗೆಯೇ ಕೂಲಿಗೆ ಮಕ್ಕಳಿಗೆ ಕಲಿಸುವುದೂ ಎನ್ನುತ್ತವೆ. ಆದರೆ ಫತಾವಾ ಆಲಂಗೀರಿಯಲ್ಲಿ ಇದಕ್ಕೊಂದು ವಿನಾಯಿತಿ ಬರೆದಿದ್ದಾರೆ: ಬಿಸಿಲಿನ ತಾಪದ ಕಾರಣಕ್ಕೋ ಅಂಥ ಬೇರೆ ಅಗತ್ಯಕ್ಕೋ ಶಿಕ್ಷಕ ಮಕ್ಕಳನ್ನು ಮಸೀದಿಯಲ್ಲಿ ಕೂರಿಸಿಕೊಂಡರೆ ಅದು ಮಕ್ರೂಹ್ ಅಲ್ಲ. 1657ರಲ್ಲಿ ಬೀದರ್ ಕೋಟೆಯನ್ನು ಗೆದ್ದ ಔರಂಗಜೇಬರು ಮುಂದೆ ಬಾದಶಹರಾದ ಮೇಲೆ ವಿದ್ವಾಂಸರನ್ನು ಸೇರಿಸಿ ಮಾಡಿಸಿದ ಸಂಗ್ರಹ ಅದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಗಳಿಗೆ ಆ ವಿನಾಯಿತಿ ಎಷ್ಟು ಒಪ್ಪುತ್ತದೆ ಎಂಬುದನ್ನು ತಗಡಿನ ಚಾವಣಿಯ ಒಂದೇ ಕೋಣೆಯ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಶಿಕ್ಷಕರು ಹಣ ಪಡೆಯದಿದ್ದರೆ ಈ ತೊಡಕೂ ಇಲ್ಲ. ಹಣ ಕೇಳುವ ಟ್ಯೂಷನ್ ಸೆಂಟರ್ ಮಾಡಬೇಕೆಂದರೆ ಮಸೀದಿಯ ಒಳಗೆ ಬೇಡ.

ಇಷ್ಟಾದರೂ ಪಾಠವನ್ನು ಒಳಗಿನ ಜಮಾಅತ್‌ಖಾನೆಗಿಂತ ಹೌಜಿನ ಪಕ್ಕದ ಪಡಸಾಲೆಯಲ್ಲಿ ನಡೆಸುವುದೇ ಮೇಲು ಎಂದು ನನ್ನ ಸಲಹೆ. ಹತ್ತನೇ ತರಗತಿಯ ಹೆಣ್ಣುಮಕ್ಕಳು ತಿಂಗಳ ಕೆಲವು ದಿನ ಶರಈ ಮಸೀದಿಯೊಳಗೆ ಬರುವಂತಿಲ್ಲ. ಪಾಠ ಒಳಗಿದ್ದರೆ ಅವರು ಆ ದಿನಗಳಲ್ಲಿ ಪಾಠ ತಪ್ಪಿಸಿಕೊಳ್ಳಬೇಕು, ಇಲ್ಲವೇ ಎಲ್ಲರೆದುರು ಸಂಕೋಚಪಡಬೇಕು. ಎರಡೂ ಆಗಬಾರದು. ಪಡಸಾಲೆ ಶರಈ ಮಸೀದಿಯ ಹೊರಗಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ. ಮಕ್ಕಳು ಪ್ರಶ್ನೆ ಕೇಳಬೇಕು, ಸೂತ್ರ ಬಾಯಿಪಾಠ ಮಾಡಬೇಕು, ದನಿ ಏರಿಯೇ ಏರುತ್ತದೆ. ಮಗ್ರಿಬ್ (ಸೂರ್ಯಾಸ್ತದ ನಮಾಝ್) ಆದ ಮೇಲೆ ಸುನ್ನತ್, ನಫಿಲ್ (ಕಡ್ಡಾಯವಲ್ಲದ ನಮಾಝ್) ಓದುತ್ತಾ ಕುಳಿತ ಹಿರಿಯರಿಗೆ ಅದರಿಂದ ತೊಂದರೆ ಆಗಬಾರದು. ಅಝಾನ್ ಆದ ಕೂಡಲೇ ಪಾಠ ನಿಲ್ಲಬೇಕು.

ದೀಪದ ಬಗ್ಗೆಯೂ ಹಳೆಯ ಗ್ರಂಥಗಳಲ್ಲಿ ಸೊಗಸಾದ ಚರ್ಚೆಯಿದೆ. ನಮಾಝಿಗೆಂದು ಹಚ್ಚಿದ ಮಸೀದಿಯ ದೀಪದ ಬೆಳಕಿನಲ್ಲಿ ಪುಸ್ತಕ ಓದಬಹುದೇ ಎಂಬ ಪ್ರಶ್ನೆಗೆ, ರಾತ್ರಿಯ ಮೂರರಲ್ಲಿ ಒಂದು ಭಾಗ ಕಳೆಯುವವರೆಗೆ ಓದಬಹುದು, ಏಕೆಂದರೆ ಅಷ್ಟು ಹೊತ್ತು ದೀಪ ಹೇಗೂ ನಮಾಝಿಗಾಗಿ ಉರಿಯುತ್ತಿರುತ್ತದೆ, ಅದರಾಚೆಗೆ ಎಣ್ಣೆ ಕೊಟ್ಟವರ ಉದ್ದೇಶ ಮೀರಿದಂತಾಗುತ್ತದೆ ಎಂದು ಉತ್ತರ ಕೊಟ್ಟಿದ್ದಾರೆ. ನಿಮ್ಮ ಫ್ಯಾನು, ಲೈಟುಗಳಿಗೂ ಇದೇ ಮಾತು. ಜನ ಮಸೀದಿಯ ಡಬ್ಬಿಗೆ ಹಾಕಿದ ಹಣದಲ್ಲಿ ಪಾಠದ ಹೆಚ್ಚುವರಿ ಕರೆಂಟ್ ಬಿಲ್ ಕಟ್ಟುವ ಬದಲು, ಅದಕ್ಕೆಂದೇ ಯಾರಾದರೂ ಒಬ್ಬರಿಬ್ಬರು ಕೊಡುವಂತೆ ಮಾಡಿ, ಅಥವಾ ಜುಮಾ ದಿನ ಜಮಾಅತಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಮೊತ್ತ ಚಿಕ್ಕದಿರಬಹುದು, ಆದರೆ ವಕ್ಫ್‌ನ ಹಣದಲ್ಲಿ ಚಿಕ್ಕದು ದೊಡ್ಡದು ಎಂಬುದಿಲ್ಲ.

ಹಿಂದೂ ಮಕ್ಕಳು ಬರುವುದಕ್ಕೆ ಏನೂ ಅಡ್ಡಿಯಿಲ್ಲ. ಪಡಸಾಲೆಗಂತೂ ಪ್ರಶ್ನೆಯೇ ಇಲ್ಲ. ಮಸೀದಿಯ ಒಳಗೂ ಮುಸ್ಲಿಮೇತರರು ಬರಬಹುದೆಂಬುದು ನಮ್ಮ ಭಾಗದಲ್ಲಿ ಹೆಚ್ಚಿನವರು ಅನುಸರಿಸುವ ಹನಫೀ ಮದ್‌ಹಬಿನ ಅಭಿಪ್ರಾಯ. ಶಾಫಿಈ ಮದ್‌ಹಬಿನಲ್ಲಿ ಮುಸ್ಲಿಮರ ಅನುಮತಿ ಇದ್ದರೆ ಬರಬಹುದು. ಮಾಲಿಕೀ ಮದ್‌ಹಬಿನವರು ಅಗತ್ಯವಿದ್ದರೆ ಮಾತ್ರ ಎನ್ನುತ್ತಾರೆ. ಸಕೀಫ್ ನಿಯೋಗದ ವಿಷಯ ಮೇಲೆ ಹೇಳಿದೆ. ಸುಮಾಮಾ ಬಿನ್ ಉಸಾಲ್ ಎಂಬ ಕುಲನಾಯಕನನ್ನು ಸೆರೆಹಿಡಿದು ತಂದಾಗ ಮಸೀದಿಯ ಕಂಬಕ್ಕೇ ಕಟ್ಟಿದ್ದರು. ಪ್ರವಾದಿಯವರು ದಿನವೂ ಬಂದು ಮಾತಾಡಿಸಿ ಕೊನೆಗೆ ಬಿಡುಗಡೆ ಮಾಡಿದರು. ಆತ ಹೋಗಿ ಸ್ನಾನ ಮಾಡಿ ತಾನಾಗಿಯೇ ಮರಳಿ ಬಂದು ಕಲಿಮಾ ಹೇಳಿದ. ನಿಮ್ಮ ಮಕ್ಕಳ ಪಾಠದ ಉದ್ದೇಶ ಪಾಠ ಮಾತ್ರ ಆಗಿರಲಿ. ನೆರೆಯವರು ನಂಬಿ ಕಳಿಸಿದ ಮಕ್ಕಳಿಗೆ ಗಣಿತವನ್ನಷ್ಟೇ ಹೇಳಿಕೊಟ್ಟು, ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸುವುದು ಆ ನೆರೆಯವರ ಹಕ್ಕು. ಆ ಮಕ್ಕಳ ತಂದೆತಾಯಿಗಳು ಬಂದು ನೋಡಬೇಕೆಂದರೆ ಆದರದಿಂದ ಒಳಗೆ ಕರೆಯಿರಿ.

ಆರೋಗ್ಯ ಶಿಬಿರದಲ್ಲಿ ಎರಡು ಭಾಗ ಮಾಡಿ. ಬಿಪಿ ನೋಡುವುದು, ಕಣ್ಣು ಪರೀಕ್ಷೆ, ಔಷಧಿ ಚೀಟಿ ಬರೆದುಕೊಡುವುದು ಇವಕ್ಕೆ ಸಅದ್(ರ) ಅವರ ಗುಡಾರವೇ ಆಧಾರ. ರೋಗಿಗಳಿಗಾಗಿ ಮಸೀದಿಯಲ್ಲಿ ಗುಡಾರ ಹಾಕುವ ಬಗ್ಗೆ ಇಮಾಮ್ ಬುಖಾರಿಯವರು ಒಂದು ಅಧ್ಯಾಯವನ್ನೇ ಮಾಡಿದ್ದಾರೆ. ರಕ್ತದಾನ ಹಾಗಲ್ಲ. ಹರಿದ ರಕ್ತ ನಜಿಸ್ (ಅಶುದ್ಧ). ಪಾತ್ರೆಯಲ್ಲಿ ಹಿಡಿದರೂ ಸರಿಯೆ, ಮಸೀದಿಯೊಳಗೆ ರಕ್ತ ತೆಗೆಯಬಾರದೆಂದು ಹನಫೀ ಗ್ರಂಥ ದುರ್ರುಲ್ ಮುಖ್ತಾರ್‌ನಲ್ಲಿ ಸ್ಪಷ್ಟವಾಗಿದೆ. ಅದೇ ಸಅದ್(ರ) ಅವರ ಗಾಯ ಒಡೆದು ರಕ್ತ ಪಕ್ಕದ ಗುಡಾರದವರೆಗೆ ಹರಿಯಿತಲ್ಲ ಎಂದು ಯಾರಾದರೂ ಕೇಳಬಹುದು; ಅದು ಗಾಯಾಳುವಿನ ಅನಿವಾರ್ಯ, ನಾವಾಗಿ ಯೋಜಿಸಿ ಮಾಡುವ ಕೆಲಸವಲ್ಲ. ಆದ್ದರಿಂದ ಸಕ್ಕರೆ ಕಾಯಿಲೆಗೆ ಬೆರಳು ಚುಚ್ಚುವುದರಿಂದ ಹಿಡಿದು ರಕ್ತದಾನದವರೆಗೆ ಎಲ್ಲವನ್ನೂ ಹೊರಗಿನ ಆವರಣದಲ್ಲೇ ಮಾಡಿ. ರಕ್ತದಾನ ಮಾತ್ರ ಖಂಡಿತ ಮಾಡಿ, ಜಾಗದ ನಿಯಮ ನೆಪವಾಗಿ ಆ ಕೆಲಸ ನಿಲ್ಲುವುದು ಬೇಡ.

ಕೂಲಿಕಾರರ ಮಧ್ಯಾಹ್ನದ ವಿಶ್ರಾಂತಿಯ ವಿಷಯದಲ್ಲಿ ಮದ್‌ಹಬ್‌ಗಳಲ್ಲಿ ಭೇದವಿದೆ. ಇಬ್ನ್ ಉಮರ್(ರ) ಮದುವೆಗೆ ಮುಂಚೆ ಯುವಕರಾಗಿದ್ದಾಗ ಮಸೀದಿಯಲ್ಲೇ ಮಲಗುತ್ತಿದ್ದರು. ಅಲೀ(ರ) ಮನೆಯಲ್ಲಿ ಮುನಿಸಾದ ದಿನ ಮಸೀದಿಗೆ ಹೋಗಿ ಮಲಗಿದ್ದಾಗ ಪ್ರವಾದಿಯವರೇ ಬಂದು ಮೈಗೆ ಹತ್ತಿದ ಮಣ್ಣನ್ನು ಒರೆಸಿ ‘ಏಳು, ಅಬೂ ತುರಾಬ್’ ಎಂದು ಎಬ್ಬಿಸಿದರು. ಇವುಗಳ ಆಧಾರದ ಮೇಲೆ ಶಾಫಿಈಗಳು ಮಲಗಲು ಅನುಮತಿ ಕೊಡುತ್ತಾರೆ. ಭಟ್ಕಳ, ಮಂಗಳೂರಿನ ಕಡೆ ಕೆಲಸಕ್ಕೆ ಹೋದ ನಿಮ್ಮೂರಿನವರು ಅಲ್ಲಿ ಇದನ್ನು ಕಂಡು ಬಂದಿರಬಹುದು. ಹನಫೀಗಳ ಪ್ರಕಾರ ಪ್ರಯಾಣಿಕ ಮತ್ತು ಇಅ್‌ತಿಕಾಫ್‌ನಲ್ಲಿರುವವರ ಹೊರತು ಬೇರೆಯವರು ಮಲಗುವುದು, ಉಣ್ಣುವುದು ಮಕ್ರೂಹ್. ದಾರಿಯನ್ನೂ ಅವರೇ ತೋರಿಸಿದ್ದಾರೆ: ಒಳಗೆ ಬರುವಾಗ ನಫಿಲ್ ಇಅ್‌ತಿಕಾಫ್‌ನ ನಿಯ್ಯತ್ (ಸಂಕಲ್ಪ) ಮಾಡಿ, ಸ್ವಲ್ಪ ಝಿಕ್ರ್ (ಅಲ್ಲಾಹನ ಸ್ಮರಣೆ) ಮಾಡಿ ಅಥವಾ ಎರಡು ರಕಅತ್ ನಮಾಝ್ ಓದಿ, ಆಮೇಲೆ ವಿಶ್ರಾಂತಿ ಪಡೆಯಬಹುದು. ಒಂದು ಗಳಿಗೆಯ ಇಅ್‌ತಿಕಾಫ್ ಕೂಡ ಇಅ್‌ತಿಕಾಫೇ. ಗಾರೆ ಕೆಲಸದಿಂದ, ಹೊಲದಿಂದ ಬೆವರಿನಲ್ಲಿ ಬಂದವರು ಹೌಜಿನಲ್ಲಿ ಕೈಕಾಲು ತೊಳೆದು ಬರಲಿ, ಚಾಪೆ ಬೇರೆ ಹಾಕಿ. ನಿಮ್ಮ ಕೂಲಿಕಾರರಲ್ಲಿ ಬೇರೆ ಧರ್ಮದವರೂ ಇದ್ದರೆ ಪಡಸಾಲೆಯೇ ಎಲ್ಲರಿಗೂ ಸಮನಾದ ಜಾಗ. ಅಲ್ಲೊಂದು ಮಡಕೆ ನೀರಿಡಿ. ಬಿಸಿಲು ಹೊಡೆದು ಬಿದ್ದವನನ್ನು ಮಾತ್ರ ಯಾರೆಂದು ಕೇಳದೆ ಫ್ಯಾನಿರುವ ಕಡೆಗೆ, ಒಳಗೇ ಆದರೂ, ಕರೆದೊಯ್ಯಿರಿ.

ಇನ್ನು ಆಡು ಮತ್ತು ಮೊಬೈಲಿನ ಕೂಗು. ಇದನ್ನು ನಿಲ್ಲಿಸಿ. ಮೇಲೆ ಹೇಳಿದ ಹದೀಸ್ ಇದೇ ವಿಷಯದ್ದು, ಒಂಟೆ ಕಳೆದವನಿಗೆ ಹೇಳಿದ್ದು ಆಡು ಕಳೆದವನಿಗೂ ಅನ್ವಯಿಸುತ್ತದೆ. ಮಗು ಕಾಣೆಯಾದಾಗ ಮಾತು ಬೇರೆ. ಅಲ್ಲಿರುವುದು ವಸ್ತುವಲ್ಲ, ಜೀವ. ಜೀವ ಉಳಿಸುವ ಅಗತ್ಯದ ಮುಂದೆ ಈ ನಿಷೇಧ ನಿಲ್ಲುವುದಿಲ್ಲವೆಂದು ಅನೇಕ ಮುಫ್ತಿಗಳು ಫತ್ವಾ ಕೊಟ್ಟಿದ್ದಾರೆ, ನನಗೂ ಅದೇ ಸರಿ ಎನಿಸುತ್ತದೆ. ಬೆಂಕಿ ಬಿದ್ದಾಗ, ಹೊಳೆ ಏರಿದಾಗ ಎಚ್ಚರಿಸುವುದೂ ಹಾಗೆಯೇ. ಆಂಪ್ಲಿಫಯರ್ ಮತ್ತು ಮೈಕನ್ನು ಶರಈ ಮಸೀದಿಯ ಹೊರಗೆ, ಮುಅಝ್ಝಿನ್‌ರ ಕೋಣೆಯಲ್ಲಿ ಇಟ್ಟುಕೊಂಡರೆ ಇಂಥ ಘೋಷಣೆಗಳಿಗೆ ಇನ್ನಷ್ಟು ನಿರಾಳ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧವಿದೆ ಎಂಬುದನ್ನೂ ಕಮಿಟಿ ಮರೆಯಬಾರದು. ಮೊಬೈಲು ಕಳೆದವರಿಗಾಗಿ ಗೇಟಿನ ಹೊರಗೆ ಒಂದು ಹಲಗೆ ಹಾಕಿ, ಅಲ್ಲಿ ಬರೆಯಲಿ. ಸಿಕ್ಕವರು ಮುಅಝ್ಝಿನ್‌ರ ಕೈಗೆ ಕೊಡಲಿ.

ತೊಗರಿ ಚೀಲಗಳು ಒಳಗಿರಬಾರದು. ಮಳೆ ಬಂತೆಂದು ಒಂದು ರಾತ್ರಿ ಇಟ್ಟದ್ದನ್ನು ನಾನು ಪಾಪವೆನ್ನುವುದಿಲ್ಲ, ಆದರೆ ಸುಗ್ಗಿಯುದ್ದಕ್ಕೂ ಒಟ್ಟುವುದು ಮಸೀದಿಯನ್ನು ಗೋದಾಮು ಮಾಡಿದಂತೆ. ಒಟ್ಟಿದವರು ಯಾರು? ಜಮಾಅತಿನಲ್ಲಿ ಮಾತು ನಡೆಯುವ ನಾಲ್ಕು ಮನೆಯವರೇ ಇರಬೇಕು, ಬಡವನ ಚೀಲಕ್ಕೆ ಅಲ್ಲಿ ಜಾಗ ಸಿಕ್ಕಿರಲಿಕ್ಕಿಲ್ಲ. ಖಾಸಗಿ ಹಿತ ಎಂದು ನಾನು ಹೇಳಿದ್ದು ಇದನ್ನೇ. ದಾನವಾಗಿ ಬಂದ, ಬಡವರಿಗೆ ಹಂಚಲಿರುವ ಧಾನ್ಯ ಬೇರೆ. ಅದನ್ನು ಆವರಣದಲ್ಲಿ ಇಟ್ಟು ಬೇಗ ಹಂಚಿ. ವಕ್ಫ್ ಜಮೀನಿನಲ್ಲಿ ಹೊರಗೆ ಅಂಗಡಿ ಕಟ್ಟಿ ಬಾಡಿಗೆಗೆ ಕೊಟ್ಟು ಆ ಆದಾಯವನ್ನು ಮಸೀದಿಗೆ ಬಳಸಬಹುದು, ಆದರೆ ಅದಕ್ಕೆ ವಕ್ಫ್ ಮಂಡಳಿಯ ಗುತ್ತಿಗೆ ನಿಯಮಗಳಿವೆ. 1995ರ ವಕ್ಫ್ ಕಾಯ್ದೆಗೆ 2025ರಲ್ಲಿ ತಿದ್ದುಪಡಿಯೂ ಆಗಿರುವುದರಿಂದ ಜಿಲ್ಲಾ ವಕ್ಫ್ ಕಚೇರಿಯಲ್ಲಿ ವಿಚಾರಿಸದೆ ಮುತವಲ್ಲಿಯವರು (ವಕ್ಫ್ ಆಸ್ತಿ ನೋಡಿಕೊಳ್ಳುವವರು) ಸಹಿ ಹಾಕಬಾರದು.

ನಿಕಾಹ್ ಮಸೀದಿಯಲ್ಲಿ ಆಗುವುದು ಮುಸ್ತಹಬ್ (ಮೆಚ್ಚತಕ್ಕದ್ದು) ಎಂದು ಹನಫೀ, ಶಾಫಿಈ ವಿದ್ವಾಂಸರು ಹೇಳುತ್ತಾರೆ. ಖುತ್ಬಾ (ಪ್ರವಚನ), ಈಜಾಬ್-ಖಬೂಲ್ (ಮದುವೆಯ ಪ್ರಸ್ತಾಪ, ಒಪ್ಪಿಗೆ) ಆಗಿ ಖರ್ಜೂರ ಹಂಚುವುದಿದ್ದರೆ ಚೊಕ್ಕಟವಾಗಿ ಹಂಚಿ, ವಲೀಮಾದ ಊಟ ಬೇರೆ ಕಡೆ ಇರಲಿ. ಜನಾಝಾ ನಮಾಝನ್ನು (ತೀರಿಕೊಂಡವರಿಗಾಗಿ ಮಾಡುವ ನಮಾಝನ್ನು) ಹನಫೀಗಳು ಮಸೀದಿಯ ಹೊರಗೆ ಮಾಡುತ್ತಾರೆ. ಸುಹೈಲ್ ಬಿನ್ ಬೈಝಾ(ರ) ಅವರ ಜನಾಝಾ ಮಸೀದಿಯಲ್ಲೇ ಆಗಿತ್ತೆಂಬ ಆಯಿಷಾ(ರ) ಅವರ ಹದೀಸಿನ ಮೇಲೆ ಶಾಫಿಈಗಳು ಮತ್ತು ಅಹ್ಲೆ ಹದೀಸ್‌ನವರು ಒಳಗೂ ಮಾಡುತ್ತಾರೆ. ಇದು ಜಗಳಕ್ಕೆ ಕಾರಣವಾಗುವಂಥ ವಿಷಯವಲ್ಲ. ನಅತ್ (ಪ್ರವಾದಿಯವರ ಸ್ತುತಿಗೀತೆ) ಓದುವುದಕ್ಕೆ ಕವಿ ಹಸ್ಸಾನ್ ಬಿನ್ ಸಾಬಿತ್(ರ) ಅವರ ಆಧಾರವಿದೆ, ಪ್ರವಾದಿಯವರೇ ಅವರಿಗೆ ಮಸೀದಿಯಲ್ಲಿ ಮಿಂಬರ್ (ಪೀಠ) ಹಾಕಿಸಿಕೊಟ್ಟಿದ್ದರು.

ನೀವು ಕೇಳದಿದ್ದರೂ ಚುನಾವಣೆಯ ಬಗ್ಗೆ ಹೇಳುವುದು ನನ್ನ ಕರ್ತವ್ಯ. ಪಡಿತರ ಚೀಟಿ, ವಿದ್ಯಾರ್ಥಿವೇತನ, ಮತದಾರರ ಪಟ್ಟಿಗಳ ಅರ್ಜಿ ತುಂಬಲು ಗೊತ್ತಿಲ್ಲದವರಿಗೆ ಪಡಸಾಲೆಯಲ್ಲಿ ಕುಳಿತು ಸಹಾಯ ಮಾಡುವುದು ಖಿದ್ಮತ್ (ಸೇವೆ). ಒಬ್ಬ ಅಭ್ಯರ್ಥಿಯ ಅಥವಾ ಪಕ್ಷದ ಪರವಾಗಿ ಮಸೀದಿಯಲ್ಲಿ ಮಾತಾಡುವುದು ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಯುವ 1988ರ ಕಾಯ್ದೆಯ ಪ್ರಕಾರ ಅಪರಾಧ, ಮತ್ತು ಶರೀಅತ್ತಿನ ದೃಷ್ಟಿಯಿಂದಲೂ ಒಂದೇ ಸಫ್‌ನಲ್ಲಿ (ಸಾಲಿನಲ್ಲಿ) ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಜಮಾಅತನ್ನು ಒಡೆಯುವ ಕೆಲಸ. ಮೂಮಿನರನ್ನು (ವಿಶ್ವಾಸಿಗಳನ್ನು) ಒಡೆಯಲೆಂದು ಕಟ್ಟಿದ ಮಸೀದಿಯಲ್ಲಿ ಎಂದೂ ನಿಲ್ಲಬೇಡಿ ಎಂದು ಸೂರಾ ತೌಬಾ ಪ್ರವಾದಿಯವರಿಗೇ ಆಜ್ಞಾಪಿಸಿದೆ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದು ನಿಮ್ಮೂರಿನವರಿಗೆ ನೆನಪಿರುತ್ತದೆ. ಅಂಥ ಹೊತ್ತಿನಲ್ಲಿ ಒಳಗು ಹೊರಗು ಎಂಬ ಮೇಲಿನ ವಿಂಗಡಣೆಯೆಲ್ಲ ಹಿಂದೆ ಸರಿಯುತ್ತದೆ. ಅನಿವಾರ್ಯತೆಯಲ್ಲಿ ನಿಷಿದ್ಧವೂ ಅನುಮತವಾಗುತ್ತದೆ ಎಂಬುದು ಫಿಕ್ಹ್‌ನ ಒಪ್ಪಿತ ಸೂತ್ರ. ಕಳ್ಳರ ಅಥವಾ ಕಾಡುಪ್ರಾಣಿಯ ಭಯವಿದ್ದರೆ ಮುಟ್ಟಿನಲ್ಲಿರುವ ಹೆಂಗಸು ಕೂಡ ಮಸೀದಿಯೊಳಗೆ ಆಶ್ರಯ ಪಡೆಯಬಹುದೆಂದು ಹನಫೀ ಗ್ರಂಥಗಳೇ ಹೇಳುವಾಗ, ಮನೆಯೊಳಗೆ ನೀರು ನುಗ್ಗಿದವರ ಬಗ್ಗೆ ಸಂದೇಹವೇ ಬೇಡ. ಯಾವ ಜಾತಿ, ಯಾವ ಧರ್ಮ ಎನ್ನದೆ ಬಾಗಿಲು ತೆರೆಯಿರಿ. ನೀರಿಳಿದ ಮೇಲೆ ತೊಳೆದು ಶುದ್ಧ ಮಾಡಿಕೊಂಡರಾಯಿತು.

ಕೊನೆಯದಾಗಿ, ಕಮಿಟಿ ಈ ವಾರ ಮಾಡಬೇಕಾದ ಒಂದು ಕೆಲಸವಿದೆ. ನಿಮ್ಮ ಮಸೀದಿಯ ವಕ್ಫ್‌ನಾಮೆಯನ್ನು ತೆಗೆದು, ಪಡಸಾಲೆ ಶರಈ ಮಸೀದಿಯ ಗಡಿಯೊಳಗೆ ಸೇರಿದೆಯೋ ಹೊರಗಿದೆಯೋ ಎಂದು ನೋಡಿ. ವಕ್ಫ್ ಮಾಡಿದವರು ಹಾಕಿದ ಶರತ್ತು ನಮ್ಮ ಅನುಕೂಲಕ್ಕೆ ತಕ್ಕಂತೆ ಬದಲಾಗುವಂಥದ್ದಲ್ಲ. ದಾಖಲೆಯಲ್ಲಿ ಸ್ಪಷ್ಟವಾಗದಿದ್ದರೆ, ಕಟ್ಟುವಾಗಿನ ಸಂಗತಿ ಬಲ್ಲ ಹಿರಿಯರನ್ನು, ಅಂದರೆ ಈಗ ಆಕ್ಷೇಪಿಸುತ್ತಿರುವವರನ್ನೇ, ಜೊತೆಗೆ ಕರೆದುಕೊಂಡು, ನಕ್ಷೆ ಸಮೇತ ಕಲಬುರಗಿಯಲ್ಲಿ ನೀವು ನಂಬುವ ಮುಫ್ತಿಯವರ ಬಳಿ ಹೋಗಿ ಬರಹದಲ್ಲಿ ಫತ್ವಾ ಪಡೆಯಿರಿ. ರಕ್ತದಾನದ ಜಾಗ, ಕೂಲಿಕಾರರು ಮಲಗುವ ಜಾಗ ಆ ಉತ್ತರ ಬಂದ ಮೇಲೆ ಗೊತ್ತುಮಾಡಿ. ಉಚಿತ ಪಾಠ ಎರಡೂ ಕಡೆ ಜಾಯಿಝ್ (ಅನುಮತ) ಆದ್ದರಿಂದ ಅದಕ್ಕಾಗಿ ಕಾಯಬೇಕಿಲ್ಲ. ಪರೀಕ್ಷೆ ಹತ್ತಿರವಿದೆ, ಶಿಕ್ಷಕರಿಗೆ ನಾಳೆಯಿಂದಲೇ ಬರಲು ಹೇಳಿ.